ಕನ್ನಡಿಗೆ ಅಂತಲೇ ಇಟ್ಟ ಮುಖ

ಕನ್ನಡಿ ಮುಂದೆ ನಿಂತ ಕೂಡಲೇ ನನ್ನ ಹುಬ್ಬು ಚೂರು ಮೇಲೇರುತ್ತದೆ, ಕೆನ್ನೆ ಒಳಗೆ ಹೋಗುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಹೇಳಿದಳು. ನಾನು ತಲೆ ಬಾಚಿಕೊಳ್ಳುತ್ತಿದ್ದೆ, ಅವಳು ಹಿಂದೆ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. "ಕನ್ನಡಿಗೆ ಅಂತಲೇ ಒಂದು ಮುಖ ಇಟ್ಟುಕೊಂಡಿದ್ದೀಯ ಕಣೇ ನೀನು," ಅಂದಳು. "ಈ ಕಡೆ ತಿರುಗಿದ ತಕ್ಷಣ ಅದು ಹೋಗಿಬಿಡುತ್ತೆ."

ನಾನು ನಂಬಲಿಲ್ಲ. ಫೋನ್ ತೆಗೆದು ಹಳೆಯ ಸೆಲ್ಫಿಗಳನ್ನು ಒಂದರ ಹಿಂದೆ ಒಂದು ನೋಡಿದೆ. ಐದಾರು ವರ್ಷದ ಫೋಟೊಗಳು. ಬಟ್ಟೆ ಬೇರೆ, ಜಾಗ ಬೇರೆ, ಕೂದಲಿನ ಉದ್ದ ಬೇರೆ. ಮುಖ ಮಾತ್ರ ಅದೇ. ಯಾರೋ ಒಂದೇ ಮುಖವನ್ನು ಕತ್ತರಿಸಿ ಎಲ್ಲ ಕಡೆ ಅಂಟಿಸಿದ ಹಾಗೆ. ಮದುವೆ ಮನೆಯಲ್ಲೂ ಅದೇ, ಜ್ವರ ಬಿಟ್ಟ ಮರುದಿನವೂ ಅದೇ.

ಹಾಗಾದರೆ ಉಳಿದ ಹೊತ್ತಿನಲ್ಲಿ ನಾನು ಹೇಗಿರುತ್ತೇನೆ? ಬೇರೆಯವರೆಲ್ಲ ದಿನಾ ನೋಡುವ ಮುಖ, ನಾನೊಬ್ಬಳೇ ನೋಡದ ಮುಖ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಸರಿ. ಆದರೆ ಸ್ವಂತ ಮೂಗನ್ನು ನೋಡೋಕೆ ಕನ್ನಡಿ ಬಿಟ್ಟು ಬೇರೆ ಗತಿ ಏನಿದೆ?

ಆ ವಾರವೇ ತೀರ್ಮಾನ ಮಾಡಿದೆ. ನನ್ನದೇ ಒಂದು ಕಪ್ಪು-ಬಿಳುಪು ಫೋಟೊ ತೆಗೆಯಬೇಕು. ಮನೆಯಲ್ಲೇ, ಕನ್ನಡಿ ಇಟ್ಟುಕೊಂಡು, ಯಾರನ್ನೂ ಕರೆಯದೆ. ಅದರಲ್ಲಿ ಕನ್ನಡಿ ಮುಖ ಇರಬಾರದು. ಕನ್ನಡಿ ಮುಖ ತಪ್ಪಿಸೋಕೆ ಕನ್ನಡಿಯನ್ನೇ ನಂಬೋದು ಅಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಅಂತ ನನಗೂ ಅನ್ನಿಸಿತು. ಆದರೂ ಹಟ.

ಟೈಮರ್ ಹಾಕಿ ತೆಗೆಯಬಹುದಿತ್ತಲ್ವಾ ಅಂತ ಕೇಳಬಹುದು. ತೆಗೆದು ನೋಡಿದ್ದೇನೆ. ಹತ್ತು ಸೆಕೆಂಡ್ ಇಟ್ಟು, ಓಡಿ ಹೋಗಿ ಕುರ್ಚಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಕಾಯುವುದು. ಕ್ಲಿಕ್ ಆಗುವ ಹೊತ್ತಿಗೆ ಮುಖದಲ್ಲಿ ಉಳಿದಿರುವುದು ಏದುಸಿರು, ಇಲ್ಲವೇ 'ಆಯ್ತಾ, ಇನ್ನೂ ಇಲ್ವಾ' ಅನ್ನುವ ಗುಮಾನಿ. ಫೋನಿನ ಮುಂದಿನ ಕ್ಯಾಮೆರಾದ ತೊಂದರೆ ಬೇರೆ. ಅದು ಇರುವುದು ಕೈಯಳತೆಯಲ್ಲಿ. ಮೂಗು ಹತ್ತಿರ, ಕಿವಿ ಅರ್ಧ ಗೇಣು ಹಿಂದೆ. ದೂರದಿಂದ ನೋಡಿದರೆ ಆ ಅರ್ಧ ಗೇಣು ಲೆಕ್ಕಕ್ಕೇ ಬರುವುದಿಲ್ಲ. ಅಷ್ಟು ಹತ್ತಿರದಿಂದ ಅದೇ ದೊಡ್ಡ ವ್ಯತ್ಯಾಸವಾಗಿ ಮೂಗು ಉಬ್ಬುತ್ತದೆ, ಕಿವಿ ಅಡಗಿಕೊಳ್ಳುತ್ತದೆ. ಜನ ಲೆನ್ಸನ್ನು ಬೈಯುತ್ತಾರೆ. ತಪ್ಪು ದೂರದ್ದು.

ಇಲ್ಲಿ ಕನ್ನಡಿಯಿಂದ ಒಂದು ಉಪಕಾರ ಇದೆ. ನಾನು ಕನ್ನಡಿಯಿಂದ ಎರಡು ಅಡಿ ದೂರ ನಿಂತರೆ, ಕ್ಯಾಮೆರಾ ಲೆಕ್ಕದಲ್ಲಿ ನಾನಿರುವುದು ನಾಲ್ಕು ಅಡಿ ದೂರದಲ್ಲಿ. ಬೆಳಕು ನನ್ನ ಮುಖದಿಂದ ಹೊರಟು ಕನ್ನಡಿಗೆ ಬಡಿದು ವಾಪಸ್ ಬರಬೇಕಲ್ಲ, ಹೋಗಿ ಬರುವ ದಾರಿ ಎರಡೂ ಸೇರುತ್ತದೆ. ಚಿಕ್ಕ ಕೋಣೆಗೆ ಎರಡರಷ್ಟು ಉದ್ದ ಬರುತ್ತದೆ. ಮುಖ ತನ್ನ ಅಳತೆಗೆ ಬರುತ್ತದೆ.

ಬಚ್ಚಲುಮನೆಯ ಕನ್ನಡಿಯಲ್ಲಿ ಮೊದಲು ಪ್ರಯತ್ನಿಸಿದೆ. ಬೆಳಕು ನೆತ್ತಿಯ ಮೇಲಿಂದ ಬೀಳುತ್ತಿತ್ತು, ಕಣ್ಣಿನ ಜಾಗದಲ್ಲಿ ಎರಡು ಗುಂಡಿ ಮಾತ್ರ. ಬೀರುವಿನ ಬಾಗಿಲಿನ ಕನ್ನಡಿ ದೊಡ್ಡದೇನೋ ಹೌದು, ಆದರೆ ಬೀರುವನ್ನು ಕಿಟಕಿ ಹತ್ತಿರ ಎಳೆಯುವವರು ಯಾರು? ಕೊನೆಗೆ ಗೋಡೆಗೆ ನೇತುಹಾಕಿದ್ದ ಒಂದೂವರೆ ಅಡಿಯ ಕನ್ನಡಿಯನ್ನು ಮೊಳೆಯಿಂದ ಇಳಿಸಿ, ಕಿಟಕಿ ಪಕ್ಕದ ಮೇಜಿನ ಮೇಲೆ ಪುಸ್ತಕಗಳಿಗೆ ಒರಗಿಸಿದೆ. ಅಷ್ಟು ಚಿಕ್ಕದು ಸಾಕಾ? ಸಾಕು, ಜಾಸ್ತಿಯೇ ಆಯಿತು. ಅದು ಹೇಗೆ ಅಂತ ಕನ್ನಡಿ ಒರೆಸುವಾಗ ಗೊತ್ತಾಯಿತು.

ಈ ಆಟವನ್ನು ನೀವೂ ಆಡಿ ನೋಡಿ. ಒಂದು ಕಣ್ಣು ಮುಚ್ಚಿ. ಒಣಗಿದ ಸೋಪಿನ ಚೂರಿನಿಂದ ಕನ್ನಡಿಯ ಮೇಲೆ ಕಾಣುವ ನಿಮ್ಮ ಮುಖದ ಸುತ್ತ ಗೆರೆ ಎಳೆಯಿರಿ. ತಲೆ ಅಲ್ಲಾಡಿಸಬಾರದು. ಹಣೆಯಿಂದ ಶುರು ಮಾಡಿ, ಕೆನ್ನೆ ಬಳಸಿ, ಗದ್ದ ಸುತ್ತಿ ಮತ್ತೆ ಹಣೆಗೆ. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆಯನ್ನಷ್ಟೇ ನೋಡಿ. ಅದು ಮುಖದ ಗಾತ್ರ ಇರುವುದಿಲ್ಲ. ದೊಡ್ಡದೊಂದು ಎಲೆಯಷ್ಟಿರುತ್ತದೆ. ನಾನು ಸ್ಕೇಲ್ ತಂದು ಅಳೆದೆ. ಕೂದಲಿನ ಅಂಚಿನಿಂದ ಗದ್ದದ ತುದಿಗೆ ಒಂಬತ್ತು ಸೆಂಟಿಮೀಟರ್. ನನ್ನ ಮುಖ ಅಳೆದರೆ ಹದಿನೆಂಟು. ಸರಿಯಾಗಿ ಅರ್ಧ. ಹಿಂದೆ ಸರಿದು ಎಳೆದೆ, ಮುಂದೆ ಬಂದು ಎಳೆದೆ. ಅಳತೆ ಬದಲಾಗಲಿಲ್ಲ. ಕನ್ನಡಿಯೊಳಗಿನ ನಾನು ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುತ್ತೇನೆ. ಗಾಜು ಯಾವಾಗಲೂ ನಮ್ಮಿಬ್ಬರ ನಟ್ಟನಡುವೆ. ನಡುವೆ ಇರುವುದರ ಮೇಲೆ ಬೀಳುವ ಅಳತೆಯೂ ಅರ್ಧವೇ.

ಲೆಕ್ಕ ಸುಲಭ, ಶಾಲೆಯ ಜ್ಯಾಮಿತಿ. ಆದರೂ ಆ ಸೋಪಿನ ಗೆರೆ ನೋಡುತ್ತಾ ಸುಮಾರು ಹೊತ್ತು ನಿಂತೆ. ಇಷ್ಟು ವರ್ಷ ದಿನಾ ನೋಡಿಕೊಂಡಿದ್ದು ಇಷ್ಟೇ ಇಷ್ಟು ಜಾಗದಲ್ಲಿ. ಅದು ಅರ್ಧ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಬೆಳಕಿನ ವಿಷಯಕ್ಕೆ ಬರೋಣ, ಕಪ್ಪು-ಬಿಳುಪಿನಲ್ಲಿ ಆಟವೆಲ್ಲ ಅದರದ್ದೇ. ಮೊದಲ ದಿನ ದಡ್ಡತನ ಮಾಡಿದೆ. ಮೇಜಿನ ದೀಪವನ್ನು ಕನ್ನಡಿಯ ಕಡೆ ತಿರುಗಿಸಿಟ್ಟೆ. ಕನ್ನಡಿಯಲ್ಲಿ ಕಾಣಬೇಕು ಅಂದರೆ ಕನ್ನಡಿಗೇ ಬೆಳಕು ಬೀಳಬೇಕು ಅನ್ನುವುದು ಎಲ್ಲಿಂದ ತಲೆಗೆ ಬಂತೋ. ಗಾಜಿನ ಮೇಲಿನ ಪ್ರತಿ ಬೆರಳಚ್ಚೂ ಎದ್ದು ಕಂಡಿತು, ಮುಖ ಹಿಂದೆಲ್ಲೋ ಮಂಜಿನಲ್ಲಿ. ಬೆಳಕು ಬೇಕಾಗಿರುವುದು ಮುಖಕ್ಕೆ. ಕನ್ನಡಿ ಕತ್ತಲಲ್ಲೇ ಇರಲಿ, ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ.

ಆಮೇಲೆ ದೀಪ ಎಲ್ಲ ಆರಿಸಿದೆ. ಎಡಗಡೆ ಒಂದು ಕಿಟಕಿ ಮಾತ್ರ. ಹಿಂದೆ ಹಗ್ಗದ ಮೇಲೆ ಒಂದು ಕಪ್ಪು ಹೊದಿಕೆ. ಮೋಡದ ದಿನವಾಗಿದ್ದರಿಂದ ಬೆಳಕು ಮೆತ್ತಗಿತ್ತು. ಮೋಡದ ಬೆಳಕಿನಲ್ಲಿ ನೆರಳಿನ ಅಂಚು ಚಾಕುವಿನ ಹಾಗೆ ಕತ್ತರಿಸುವುದಿಲ್ಲ, ಕರಗುತ್ತಾ ಹೋಗುತ್ತದೆ. ಮುಖವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನೋಡಿದೆ. ಕಿಟಕಿಗೆ ಪೂರ್ತಿ ಎದುರಾದರೆ ಮುಖ ತಟ್ಟೆಯ ಹಾಗೆ ಚಪ್ಪಟೆ. ಪೂರ್ತಿ ಪಕ್ಕಕ್ಕಾದರೆ ಅರ್ಧ ಮುಖ ಕತ್ತಲಲ್ಲಿ ಮುಳುಗಿ ಹೋಗುತ್ತದೆ. ಇವೆರಡರ ನಡುವೆ ಒಂದು ಜಾಗ ಇದೆ. ಅಲ್ಲಿ ಮೂಗಿನ ನೆರಳು ಇಳಿದು ಕೆನ್ನೆಯ ನೆರಳನ್ನು ಮುಟ್ಟುತ್ತದೆ, ಕತ್ತಲ ಬದಿಯ ಕಣ್ಣಿನ ಕೆಳಗೆ ಒಂದು ಚಿಕ್ಕ ತ್ರಿಕೋನದಷ್ಟು ಬೆಳಕು ಉಳಿಯುತ್ತದೆ. ಹಳೆಯ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಲ್ಲಿ ಸ್ಟುಡಿಯೊದವರು ಇದಕ್ಕೆ ರೆಂಬ್ರಾಂಟ್ ಲೈಟ್ ಅನ್ನುತ್ತಾರೆ. ಒಂದಿಂಚು ತಲೆ ಆಡಿಸಿದರೆ ಆ ತ್ರಿಕೋನ ಹಾರಿಹೋಗುತ್ತದೆ. ಮತ್ತೆ ಹುಡುಕಬೇಕು.

ಬಲಗಡೆ ಒಂದು ಬಿಳಿ ಹಾಳೆ ಹಿಡಿದರೆ ನೆರಳು ತಿಳಿಯಾಗುತ್ತದೆ. ಹಿಡಿದೆ. ಚೆನ್ನಾಗಿ ಕಂಡೆ. ಅದಕ್ಕೇ ತೆಗೆದುಬಿಟ್ಟೆ. ಚೆನ್ನಾಗಿ ಕಾಣುವ ಆಸೆ ಹುಟ್ಟಿದ ಕ್ಷಣವೇ ಹುಬ್ಬು ಮೇಲೇರಿತ್ತು.

ಫೋಕಸ್ ವಿಷಯದಲ್ಲಿ ನಾನು ಪಟ್ಟ ಪಾಡು ಸ್ವಲ್ಪ ಹೇಳಬೇಕು. ಮೊದಲ ನಲವತ್ತು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಮುಖ ಒಂದರಲ್ಲೂ ಸ್ಪಷ್ಟವಿಲ್ಲ. ಸ್ಪಷ್ಟವಾಗಿರುವುದು ಏನು ಗೊತ್ತಾ? ಸೋಪಿನ ಗೆರೆ. ಒಣ ಬಟ್ಟೆಯಲ್ಲಿ ಸುಮ್ನೆ ಒರೆಸಿದ್ದೆ, ಅದರ ಜಿಡ್ಡು ಹಾಗೇ ಉಳಿದಿತ್ತು. ಕ್ಯಾಮೆರಾದ ಆಟೊಫೋಕಸ್ ಗಾಜಿನ ಮೇಲಿನ ಆ ಜಿಡ್ಡನ್ನು ಹಿಡಿದುಕೊಂಡು ಕೂತಿದೆ. ಅದು ಎರಡು ಅಡಿ ದೂರದಲ್ಲಿ, ನಾನು ನಾಲ್ಕು ಅಡಿ ದೂರದಲ್ಲಿ. ಜಿಡ್ಡಿನ ಒಂದೊಂದು ಎಳೆಯೂ ನಿಚ್ಚಳ, ಅದರ ಹಿಂದೆ ಮಸುಕು ಮಸುಕಾಗಿ ಯಾರೋ ಹೆಂಗಸು.

ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಉಂಗುರವನ್ನು ಕೈಯಿಂದಲೇ ತಿರುಗಿಸುವ ಮ್ಯಾನ್ಯುಯಲ್ ಫೋಕಸ್. ನನ್ನದು 50 ಎಂಎಂ ಲೆನ್ಸ್. ಅದರ ಬಾಯಿ ಅಗಲಕ್ಕೆ ತೆರೆದು ಎಫ್/1.8 ಇಟ್ಟರೆ ಆ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು ಎರಡೂವರೆ ಇಂಚು ಮಾತ್ರ. ಕಣ್ಣು ಬಂದರೆ ಕಿವಿ ಇಲ್ಲ. ನಿಂತಲ್ಲೇ ಚೂರು ತೂಗಾಡಿದರೆ ಕಣ್ಣೂ ಇಲ್ಲ. ಬಾಯಿ ಕಿರಿದು ಮಾಡಿ ಎಫ್/4ಕ್ಕೆ ಹೋದೆ, ಐದು ಇಂಚಿನ ಆಸುಪಾಸು ಸಿಕ್ಕಿತು. ಬೆಳಕು ಕಡಿಮೆಯಾದ್ದರಿಂದ, ಕ್ಯಾಮೆರಾ ಬೆಳಕು ಹಿಡಿಯುವ ಚುರುಕು ಏರಿಸಿ, ಐಎಸ್‌ಒ 1600. ಫೋಟೊದಲ್ಲಿ ಸ್ವಲ್ಪ ಕಾಳು ಕಾಳು ಬಂತು, ಕಪ್ಪು-ಬಿಳುಪಿಗೆ ಅದು ಒಪ್ಪುತ್ತದೆ. ಶಟರ್ 1/125 ಸೆಕೆಂಡ್, ಕೈ ನಡುಗಿದರೂ ಪರವಾಗಿಲ್ಲ ಅಂತ. ಇನ್ನೊಂದು ಎಚ್ಚರಿಕೆ. ಹಿಂದೆ ಕಪ್ಪು ಬಟ್ಟೆ ಇದ್ದಾಗ ಕ್ಯಾಮೆರಾ ಮೋಸ ಹೋಗುತ್ತದೆ. ಅದರ ಕಣ್ಣಿಗೆ ಲೋಕವೆಲ್ಲ ಸರಾಸರಿ ಬೂದು. ಇಷ್ಟು ಕಪ್ಪು ಕಂಡರೆ 'ಅಯ್ಯೋ, ಬೆಳಕು ಸಾಲದು' ಅಂತ ಎಲ್ಲವನ್ನೂ ಬೆಳಗಿಸಿ, ನನ್ನ ಕಂದು ಮುಖಕ್ಕೆ ಸುಣ್ಣ ಬಳಿದುಬಿಡುತ್ತದೆ. ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿದ ಮೇಲೆ, ಮುಖ ಮುಖವಾಯಿತು.

ಕನ್ನಡಿಗೆ ಓರೆಯಾಗಿ ನಿಂತಾಗ ಇನ್ನೊಂದು ವಿಚಿತ್ರ ಕಂಡಿತು. ಕೆನ್ನೆಯ ಅಂಚಿಗೆ ತೆಳ್ಳಗೆ ಎರಡನೇ ಗೆರೆ, ನೆರಳಿನ ಹಾಗೆ. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಮನೆಯ ಕನ್ನಡಿಗೆ ಲೇಪ ಇರುವುದು ಗಾಜಿನ ಹಿಂಬದಿಗೆ. ಬಹುಪಾಲು ಬೆಳಕು ಅಲ್ಲಿಂದ ತಿರುಗಿ ಬರುತ್ತದೆ. ಆದರೆ ಗಾಜಿನ ಮುಂಬದಿಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ತಾನೇ ಹಿಂದಕ್ಕೆ ಕಳಿಸುತ್ತದೆ. ಓರೆಯಾಗಿ ನೋಡಿದಾಗ ಈ ಎರಡು ಬಿಂಬಗಳು ಒಂದರ ಮೇಲೊಂದು ಕೂರುವುದಿಲ್ಲ. ನೇರ ನಿಂತರೆ ಮಾಯ.

ಹೀಗೆ ಗಾಜಿಗೆ ಬೆಳ್ಳಿ ಹಿಡಿಸಿ ಕನ್ನಡಿ ಮಾಡುವ ರಾಸಾಯನಿಕ ದಾರಿಯನ್ನು 1835ರಲ್ಲಿ ಜರ್ಮನಿಯ ಯೂಸ್ಟಸ್ ಫಾನ್ ಲೀಬಿಗ್ ಕಂಡುಕೊಂಡ. ಅದಾಗಿ ನಾಲ್ಕೇ ವರ್ಷಕ್ಕೆ, 1839ರಲ್ಲಿ, ಡಗೆರೊಟೈಪ್ ಅನ್ನುವ ಫೋಟೊ ವಿಧಾನ ಬಂತು. ಅದೂ ಬೆಳ್ಳಿಯದೇ ಕೆಲಸ. ತಾಮ್ರದ ತಗಡಿಗೆ ಬೆಳ್ಳಿ ಲೇಪಿಸಿ, ಉಜ್ಜಿ ಉಜ್ಜಿ ಹೊಳಪು ತಂದು, ಅದರ ಮೇಲೆ ಚಿತ್ರ ಮೂಡಿಸುವುದು. ಆ ತಗಡನ್ನು ಕೈಯಲ್ಲಿ ಹಿಡಿದು ಒಂದು ಕೋನದಲ್ಲಿ ನೋಡಿದರೆ ಚಿತ್ರದವರ ಮುಖ, ಇನ್ನೊಂದು ಕೋನದಲ್ಲಿ ನೋಡಿದರೆ ನಮ್ಮದೇ ಮುಖ. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೇಲಿಯಸ್ ಅನ್ನುವ ಯುವಕ ತನ್ನ ಫೋಟೊವನ್ನು ತಾನೇ ತೆಗೆದುಕೊಂಡ. ಲೋಹಕ್ಕೆ ಬೆಳ್ಳಿ ಲೇಪಿಸುವುದು, ಹೊಳಪು ಕೊಡುವುದು ಅವನ ಕಸುಬು. ಉಳಿದಿರುವ ಅತಿ ಹಳೆಯ ಸ್ವಂತ ಫೋಟೊಗಳಲ್ಲಿ ಅದೂ ಒಂದು. ಕೂದಲು ಕೆದರಿದೆ, ಕೈ ಕಟ್ಟಿಕೊಂಡಿದ್ದಾನೆ, ಚೌಕಟ್ಟಿನ ನಡುವೆಯೂ ಇಲ್ಲ, ಒಂದು ಪಕ್ಕಕ್ಕೆ ಸರಿದಿದ್ದಾನೆ. ಚೆನ್ನಾಗಿ ಬರಬೇಕು ಅನ್ನುವ ಕಾಳಜಿ ಆ ಮುಖದಲ್ಲಿ ನನಗೆ ಕಾಣುವುದಿಲ್ಲ. ಇದು ಕೆಲಸ ಮಾಡುತ್ತದಾ ಇಲ್ಲವಾ ಅನ್ನುವುದೇ ಅವನ ಚಿಂತೆ.

ಇದನ್ನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ. ಭಾವ ತುಂಬಿದ ಫೋಟೊ ಬೇಕು ಅಂದರೆ ಭಾವ ತುಂಬಬೇಕು ಅಂದುಕೊಂಡೆ. ಎರಡು ಸಂಜೆ ಕನ್ನಡಿ ಮುಂದೆ ನಾಟಕ ನಡೆಯಿತು. ದುಃಖ ಮಾಡಿದೆ. ಫೋಟೊದಲ್ಲಿ ಹಲ್ಲುನೋವು ಬಂದವಳ ಹಾಗೆ ಕಂಡೆ. ಸಿಟ್ಟು ಮಾಡಿದೆ. ಸೂಜಿಗೆ ದಾರ ಪೋಣಿಸುತ್ತಿರುವ ಹಾಗಿತ್ತು. ಯೋಚನೆ ಮಾಡುತ್ತಿರುವ ಮುಖವಂತೂ ಕೇಳಲೇಬೇಡಿ.

ರೆಂಬ್ರಾಂಟ್ ಇದನ್ನೇ ಮಾಡಿದ್ದ, ಅವನಿಗೆ ಬಂದಿತ್ತು. 1630ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ, ಕನ್ನಡಿ ಮುಂದೆ ಕೂತು ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ನಕ್ಕು, ಕಣ್ಣರಳಿಸಿ ಒಂದೊಂದನ್ನೂ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ. ಕಣ್ಣರಳಿಸಿ ಬೆಚ್ಚಿದ ಮುಖವಿರುವ ಅಚ್ಚು ಐದು ಸೆಂಟಿಮೀಟರ್ ಎತ್ತರ ಇದ್ದರೆ ಹೆಚ್ಚು. ದೊಡ್ಡ ಅಂಚೆಚೀಟಿಯಷ್ಟು. ಅಷ್ಟರಲ್ಲೇ ಆ ಗಾಬರಿ ಪೂರ್ತಿ ಇದೆ. ಆದರೆ ಅವನು ಗೆರೆ ಎಳೆಯುವವನು. ಮಾಡಿದ ಮುಖ ಸುಳ್ಳಾದರೂ ಅದನ್ನು ನೋಡುವ ಕಣ್ಣು, ಕೊರೆಯುವ ಕೈ ಸುಳ್ಳಲ್ಲ. ಕ್ಯಾಮೆರಾ ಆ ಕೆಲಸ ಮಾಡಿಕೊಡುವುದಿಲ್ಲ. ಸುಳ್ಳು ಕೊಟ್ಟರೆ ಸುಳ್ಳನ್ನೇ ನೀಟಾಗಿ ಹಿಡಿದುಕೊಡುತ್ತದೆ.

ನಾಟಕ ಬೇಡ, ಸುಮ್ಮನೆ ನೋಡುತ್ತಾ ಕೂರೋಣ, ಸಾಕಾಗಿ ಮುಖ ತಾನೇ ಕಳಚಿ ಬೀಳಲಿ ಅಂತ ಒಂದು ಸಂಜೆ ಕತ್ತಲಾಗುವವರೆಗೂ ಕೂತೆ. ಐದು ನಿಮಿಷ ಆಗಿರಬಹುದು. ಕನ್ನಡಿಯೊಳಗೆ ನನ್ನ ಬಾಯಿ ಕರಗತೊಡಗಿತು. ಕೆನ್ನೆ ಇಳಿಯಿತು. ಒಂದು ಗಳಿಗೆ ಅಲ್ಲಿ ಬೇರೆ ಯಾರೋ, ನನಗಿಂತ ತುಂಬಾ ವಯಸ್ಸಾದವರು ಇದ್ದರು. ಎದ್ದು ಹೋಗಿ ದೀಪ ಹಾಕಿದೆ. ಆಮೇಲೆ ಓದಿದಾಗ ತಿಳಿಯಿತು, ಇದಕ್ಕೆ ದೆವ್ವ ಭೂತ ಏನೂ ಬೇಕಿಲ್ಲ. ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನ್ನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಐವತ್ತು ಜನರನ್ನು ಮಬ್ಬು ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ಮುಂದೆ ಕೂರಿಸಿದ. ಮೂವರಲ್ಲಿ ಇಬ್ಬರಿಗೆ ತಮ್ಮ ಮುಖ ವಿಕಾರವಾಗಿ ಬದಲಾದದ್ದು ಕಂಡಿತು. ಬದಲಾಗುವುದು ನೋಡುವವರ ಕಣ್ಣಿಗೆ. ಆ ಹೊತ್ತಿನಲ್ಲಿ ನಾನು ತೆಗೆದ ಮೂರು ಫೋಟೊಗಳಲ್ಲಿ ಇರುವುದು ನಿದ್ದೆ ತೂಗುತ್ತಿರುವ ಒಬ್ಬಳು, ಅಷ್ಟೇ.

ಇಷ್ಟಾದ ಮೇಲೆ ಕೈಬಿಡುವುದರಲ್ಲಿದ್ದೆ. ಬಿಡುವ ಮೊದಲು ಒಂದು ವಿಷಯ ಸರಿಮಾಡಿ ನೋಡೋಣ ಅಂತ ಅನ್ನಿಸಿತು. ನೋಟದ ವಿಷಯ.

ಅಲ್ಲಿಯವರೆಗೆ ನನ್ನ ಯಾವ ಫೋಟೊವೂ ನನ್ನನ್ನು ನೇರ ನೋಡುತ್ತಿರಲಿಲ್ಲ. ಎಲ್ಲದರಲ್ಲೂ ಕಣ್ಣು ಒಂದು ಎಳೆ ಮೇಲಕ್ಕೆ, ತಲೆ ಮೇಲಿಂದ ಯಾರನ್ನೋ ನೋಡಿದ ಹಾಗೆ. ಕ್ಯಾಮೆರಾವನ್ನು ಗದ್ದದ ಕೆಳಗೆ ಹಿಡಿದು, ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತಿದ್ದೆ. ನನ್ನ ಕಣ್ಣು ನನ್ನ ಕಣ್ಣಿಗೆ ಸೇರುತ್ತಿತ್ತು ನಿಜ. ಆದರೆ ಫೋಟೊ ನೋಡುವವರು ನಿಂತಿರುವುದು ಲೆನ್ಸಿನ ಜಾಗದಲ್ಲಿ. ಅವರ ಕಣ್ಣಿಗೆ ಕಣ್ಣು ಸೇರಬೇಕಾದರೆ ನಾನು ನೋಡಬೇಕಾದದ್ದು ಕನ್ನಡಿಯೊಳಗೆ ಕಾಣುವ ಲೆನ್ಸನ್ನು. ಇದು ಹೊಳೆಯೋಕೆ ನನಗೆ ಐದು ದಿನ ಬೇಕಾಯಿತು.

ಲೆನ್ಸನ್ನು ನೋಡುವುದು ಅಂದರೆ ನನ್ನ ಮುಖವನ್ನು ನೋಡದೇ ಇರುವುದು. ಕನ್ನಡಿ ಮುಂದೆ ನಿಂತು ಮುಖ ನೋಡಿಕೊಳ್ಳದೇ ಇರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಕಣ್ಣು ನೀರು ಹುಡುಕುವ ಎಮ್ಮೆಯ ಹಾಗೆ ಅಲ್ಲಿಗೇ ಓಡುತ್ತದೆ. ಎಳೆದು ತರಬೇಕು. ಆ ಸಣ್ಣ ಕಪ್ಪು ಗಾಜಿನ ಒಳಗೆ, ಅದರೊಳಗಿನ ಕಿಟಕಿಯ ಚುಕ್ಕೆಯನ್ನು ಗುರಿಯಿಟ್ಟು ನೋಡಿದೆ. ಎಡಗೈ ಫೋಕಸ್ ಉಂಗುರದ ಮೇಲೆ. ಕೆನ್ನೆಯ ತ್ರಿಕೋನ ಇದೆಯಾ? ಅದನ್ನು ನೋಡೋಕೆ ಹೋದರೆ ನೋಟ ತಪ್ಪುತ್ತದೆ. ಬಿಸಿಲು ಬಂತಾ, ಮೋಡ ಸರಿಯಿತಾ? ಕಾಲು ನೋಯುತ್ತಿತ್ತು. ಉಸಿರು ಬಿಟ್ಟೆ, ಒತ್ತಿದೆ. ಉಂಗುರ ತಿರುಗಿಸಿದೆ, ಒತ್ತಿದೆ. ಹಾಗೆ ಹನ್ನೊಂದು.

ರಾತ್ರಿ ನೋಡುವಾಗ ಏಳನೆಯದರಲ್ಲಿ ಕೈ ನಿಂತಿತು. ಹುಬ್ಬುಗಳ ನಡುವೆ ಸಣ್ಣದೊಂದು ಗೆರೆ. ಕೆಳತುಟಿ ಒಂದು ಬದಿಗೆ ಜಾರಿದೆ. ಬೆಳಕಿನ ಕಡೆಯ ಕಣ್ಣು ದೊಡ್ಡದು, ಕತ್ತಲ ಕಡೆಯದು ಚಿಕ್ಕದು, ಎರಡೂ ಒಂದೇ ಕಡೆ ನೆಟ್ಟಿವೆ. ಗದ್ದ ಎಲ್ಲಿಗೂ ತಿರುಗಿಲ್ಲ. ಈ ಹೆಂಗಸನ್ನು ನಾನು ಎಲ್ಲೂ ನೋಡಿರಲಿಲ್ಲ, ಆದರೆ ಪರಿಚಯ ಇತ್ತು.

ಆಮೇಲೆ ಕನ್ನಡಿ ಫೋಟೊಗಳ ಹಿರಿಯರನ್ನು ಮತ್ತೆ ನೋಡಿದೆ. ಜರ್ಮನಿಯಲ್ಲಿ ಹುಟ್ಟಿದ ಫೋಟೊಗ್ರಾಫರ್ ಇಲ್ಸೆ ಬಿಂಗ್ 1931ರಲ್ಲಿ ಎರಡು ಕನ್ನಡಿ ಇಟ್ಟುಕೊಂಡು ತೆಗೆದ ಫೋಟೊ ಇದೆಯಲ್ಲ, ಲೈಕಾ ಕ್ಯಾಮೆರಾ ಹಿಡಿದದ್ದು. ಒಂದರಲ್ಲಿ ಎದುರಿನಿಂದ, ಇನ್ನೊಂದರಲ್ಲಿ ಪಕ್ಕದಿಂದ ಕಾಣುತ್ತಾಳೆ. ಎದುರಿನ ಮುಖಕ್ಕೆ ಕ್ಯಾಮೆರಾವೇ ಅಡ್ಡ ಬಂದಿದೆ. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮೇಯರ್ ಕೂಡ ಹಾಗೇ. ಅವಳು ತೆಗೆದ ಫೋಟೊಗಳು ಹೊರಜಗತ್ತಿನ ಕೈಗೆ ಬಂದದ್ದು 2007ರಲ್ಲಿ, 2009ರಲ್ಲಿ ಅವಳು ತೀರಿಕೊಂಡಳು. ಕನ್ನಡಿ, ಅಂಗಡಿ ಗಾಜು, ಸಿಕ್ಕಿದ್ದರಲ್ಲೆಲ್ಲ ತನ್ನನ್ನು ತಾನು ಹಿಡಿದಿದ್ದಾಳೆ. ಅವಳ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಎದೆ-ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿಂದ ಬಗ್ಗಿ ನೋಡಬೇಕು. ಹೆಚ್ಚಿನವುಗಳಲ್ಲಿ ನಗು ಇಲ್ಲ. ಮೊದಲೆಲ್ಲ ನನಗೆ ಅದು ಒಂಟಿತನ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಅವಳು ಫೋಕಸ್ ಮಾಡುತ್ತಿದ್ದಾಳೆ.

ಏಳನೆಯದಕ್ಕೆ ಬಣ್ಣ ತೆಗೆಯುವ ಕೆಲಸ ಇನ್ನೂ ಇತ್ತು. ಬಣ್ಣ ತೆಗೆಯುವ ಒಂದು ಗುಂಡಿ ಇರುತ್ತದೆ, ಒತ್ತಿದರೆ ಎಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಬೇಡ. ಫೋಟೊದೊಳಗಿನ ಕೆಂಪು, ಹಸಿರು, ನೀಲಿ ಪದರ ಮೂರನ್ನೂ ಬೇರೆ ಬೇರೆ ತೆರೆದು ನೋಡಿದರೆ ಒಂದೇ ಮುಖಕ್ಕೆ ಮೂರು ಕಥೆ. ಕೆಂಪಿನಲ್ಲಿ ಚರ್ಮ ನುಣುಪು, ಕಣ್ಣಿನ ಕೆಳಗಿನ ಕಪ್ಪು ಹೆಚ್ಚುಕಡಿಮೆ ಮಾಯ, ತುಟಿ ಬಿಳಚಿಕೊಳ್ಳುತ್ತದೆ. ನೀಲಿಯಲ್ಲಿ ನೋಡಿದರೆ ಗಾಬರಿಯಾಗುತ್ತದೆ. ಪ್ರತಿ ಕಲೆ, ಮಚ್ಚೆ, ಹದಿಹರೆಯದ ಮೊಡವೆಯ ಗುರುತು, ಎಲ್ಲ ಎದ್ದು ನಿಲ್ಲುತ್ತವೆ. ಮೊದಲ ಕಾಲದ ಫೋಟೊ ತಗಡುಗಳು ಹೆಚ್ಚಾಗಿ ನೀಲಿ ಬೆಳಕನ್ನೇ ಹಿಡಿಯುತ್ತಿದ್ದವು. ಹಳೆಯ ಫೋಟೊಗಳಲ್ಲಿ ಜನರ ಮುಖ ಅಷ್ಟು ಒರಟಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಬದುಕು ಒರಟಾಗಿತ್ತು ಅಂತ ನಾವೇ ಅರ್ಥ ಹಚ್ಚುತ್ತೇವೆ.

ನಾನು ಹಸಿರನ್ನು ಮುಖ್ಯವಾಗಿಟ್ಟು ನೀಲಿಯನ್ನು ಸ್ವಲ್ಪ ಬೆರೆಸಿದೆ. ಕಣ್ಣಿನ ಕೆಳಗಿನ ಕಪ್ಪು ಉಳಿಯಿತು. ಕಿವಿ ಪಕ್ಕದ ನಾಲ್ಕು ಬಿಳಿ ಕೂದಲು, ನಾನು ದಿನಾ ಬಾಚಿ ಮುಚ್ಚುವುದು, ತಂತಿಯ ಹಾಗೆ ಮಿಂಚಿದವು. ಅಳಿಸುವ ಬ್ರಷ್ ಮೇಲೆ ಬೆರಳು ಒಮ್ಮೆ ಹೋಯಿತು, ಸುಳ್ಳು ಯಾಕೆ ಹೇಳಲಿ. ವಾಪಸ್ ತಂದೆ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಫೋಟೊವನ್ನು ಎಡ-ಬಲ ತಿರುಗಿಸಬೇಕಾ ಬೇಡವಾ? ಕನ್ನಡಿಯಲ್ಲಿ ತೆಗೆದದ್ದಲ್ವಾ, ಎಡಗೆನ್ನೆಯ ಮಚ್ಚೆ ಬಲಕ್ಕಿರುವವರ ಹಾಗೆ ಕಾಣುತ್ತದೆ, ಬೈತಲೆ ಆಚೆ ಬದಿಗಿದೆ. ರೆಂಬ್ರಾಂಟನ ಆ ಪುಟ್ಟ ಅಚ್ಚುಗಳಿಗೆ ಈ ತಾಪತ್ರಯ ಇಲ್ಲ. ಕನ್ನಡಿಯಲ್ಲಿ ಕಂಡ ತಿರುಗಾಮುರುಗಾ ಮುಖವನ್ನೇ ತಗಡಿನ ಮೇಲೆ ಕೊರೆದ, ಅಚ್ಚೊತ್ತುವಾಗ ಅದು ಮತ್ತೊಮ್ಮೆ ತಿರುಗಿ ಸರಿಯಾಯಿತು. ಬೇರೆಯವರು ಅವನನ್ನು ಹೇಗೆ ಕಾಣುತ್ತಿದ್ದರೋ ಹಾಗೆ. ನನಗೆ ಒಂದು ಕ್ಲಿಕ್ ಸಾಕು, ಆದರೆ ತಿರುಗಿಸಿದ ಕೂಡಲೇ ಮುಖ ಸೊಟ್ಟಗಾದ ಹಾಗೆ ಅನ್ನಿಸುತ್ತಿತ್ತು. ಮೂಗು ಒಂದು ಕಡೆ ವಾಲಿದ ಹಾಗೆ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದ್ದರು. ಒಬ್ಬರದೇ ಫೋಟೊ, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ. ಫೋಟೊದಲ್ಲಿರುವವರು ಹೆಚ್ಚಾಗಿ ಕನ್ನಡಿಯದನ್ನು ಆರಿಸಿಕೊಂಡರು. ಅವರ ಗೆಳೆಯರು ಇನ್ನೊಂದನ್ನು. ಯಾವುದನ್ನು ಜಾಸ್ತಿ ನೋಡಿದ್ದೇವೋ ಅದೇ ಚೆಂದ.

ಎರಡನ್ನೂ ಪ್ರಿಂಟ್ ಮಾಡಿಸಿ ಮಂಚದ ಮೇಲೆ ಇಟ್ಟೆ. ಅಕ್ಕ ಬಂದಳು, ನಿಂತೇ ನೋಡಿದಳು. ಎರಡು ಸೆಕೆಂಡ್ ಕೂಡ ಆಗಿಲ್ಲ, ತಿರುಗಿಸಿದ್ದನ್ನು ಎತ್ತಿಕೊಂಡಳು.

"ಇದು ನೀನು."

"ಇನ್ನೊಂದು?"

"ಅದೂ ನೀನೇ, ಆದರೆ ಏನೋ ಒಂಥರಾ ಇದೆ."

ನಾನು ಸ್ವಲ್ಪ ಹೊತ್ತು ಕಾದೆ. ಇಷ್ಟು ಕಷ್ಟಪಟ್ಟು ತೆಗೆದದ್ದು, ಆ ಕಣ್ಣಿನಲ್ಲಿ ಇರುವುದು ಏನು ಅಂತ ಒಂದು ಮಾತು ಹೇಳುತ್ತಾಳೇನೋ ಅಂತ. ನನ್ನ ಮಟ್ಟಿಗೆ ಅದರಲ್ಲಿ ದೊಡ್ಡದೊಂದು ದುಗುಡ ಇತ್ತು. ಅವಳು ಫೋಟೊವನ್ನು ಬೆಳಕಿಗೆ ಹಿಡಿದಳು.

"ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುತ್ತೀಯಲ್ಲ, ಆಗ ಹೀಗೇ ಇರ್ತೀಯ ನೋಡು. ಥೇಟ್ ಹೀಗೇ."

ಅದನ್ನು ಅವಳೇ ತೆಗೆದುಕೊಂಡು ಹೋದಳು. ಇನ್ನೊಂದು ನನ್ನ ಡ್ರಾಯರಿನಲ್ಲಿದೆ. ಕನ್ನಡಿ ಮತ್ತೆ ಮೊಳೆಗೆ ಹೋಯಿತು. ಅದರ ಮೇಲೆ ಸೋಪಿನಿಂದ ಇನ್ನೊಮ್ಮೆ ಗೆರೆ ಎಳೆದಿಟ್ಟಿದ್ದೇನೆ. ತಲೆ ಬಾಚುವಾಗ ಮುಖವನ್ನು ಅದರೊಳಗೆ ಕೂರಿಸಿ ಶುರು ಮಾಡುತ್ತೇನೆ. ಎರಡನೇ ಬಾಚುವಿಕೆಗೆಲ್ಲ ಗದ್ದ ಎಡಗಡೆಯ ಗೆರೆ ದಾಟಿರುತ್ತದೆ.